ಕೋಡಮ್ಮನ ಎಡಗಣ್ಣು

ನಾನು ಒಂದು ಬೆಳ್ಳಿಯ ಕಣ್ಣು. ಕಣ್ಣಾಗುವ ಮೊದಲು ದೇವೀರಿ ಎಂಬ ಐದು ವರ್ಷದ ಹುಡುಗಿಯ ಎಡಗಾಲಿನ ಕಡಗವಾಗಿದ್ದೆ. ಅವಳಿಗೆ ಕಣ್ಣುಬೇನೆ ಬಂದು ರೆಪ್ಪೆ ಬಿಡಿಸಲಾಗದಂತಾದಾಗ, ತಾಯಿ ನಿಂಗಾಜಮ್ಮ ಕೆರೆಕೋಡಿಯ ಮೇಲಿರುವ ಕೋಡಮ್ಮ ದೇವಿಗೆ ಕಣ್ಣಿನ ಹರಕೆ ಹೊತ್ತಳು. ಬೇನೆ ವಾಸಿಯಾಯಿತು. ಅಕ್ಕಸಾಲಿಯು ಕಡಗಗಳನ್ನು ಕರಗಿಸಿ ತಗಡು ಬಡಿದ. ಬಲಗಾಲಿನದು ಬಲಗಣ್ಣಾಯಿತು, ನಾನು ಎಡಗಣ್ಣಾದೆ.

ಕೋಡಮ್ಮನಿಗೆ ರೂಪವಿರಲಿಲ್ಲ. ಮೊಣಕಾಲೆತ್ತರದ ಉರುಟು ಕಲ್ಲು, ತಲೆತಲಾಂತರದ ಅರಿಶಿನ ಕುಡಿದು ನುಣುಪಾಗಿತ್ತು. ಪೂಜಾರಿ ಚಿಕ್ಕೀರಯ್ಯ ಜೇನುಮೇಣವನ್ನು ಅಂಗೈಯಲ್ಲಿ ನಾದಿ ನಮ್ಮನ್ನು ಅದಕ್ಕೆ ಅಂಟಿಸಿದ.

"ಇನ್ಮೇಲೆ ಉಸಾರು ಕಣ್ರಪ್ಪ. ಪೂಜೆಗೆ ಮುಂಚೆ ಬೆಲ್ಲ ಬಾಯಿಗಾಕ್ಕಳೋರ್ನೆಲ್ಲ ನಮ್ಮವ್ವ ನೋಡ್ತಾಳೆ," ಎಂದ.

"ಮೊದ್ಲು ನಿನ್ನನ್ನೇ ಹಿಡೀತಾಳೆ ಬುಡು," ಎಂದಳು ನಿಂಗಾಜಮ್ಮ.

ಅಂದಿನಿಂದ ಜನ ನಮ್ಮನ್ನು ನೋಡಿಯೇ ಮಾತಾಡತೊಡಗಿದರು. ನಾವು ಸದಾ ಒಂದೇ ತೆರನಾಗಿ ತೆರೆದಿದ್ದರೂ ಒಬ್ಬರು ನಮ್ಮಲ್ಲಿ ಕೋಪ ಕಂಡರು, ಇನ್ನೊಬ್ಬರು ಕರುಣೆ ಕಂಡರು.

ಎರಡು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ದೇವೀರಿಗೆ ಜ್ವರ ಬಂತು. ಅಮಾವಾಸ್ಯೆಗೊಮ್ಮೆ ಮೇಣ ಬದಲಾಯಿಸುವುದು ಪದ್ಧತಿ. ಚಿಕ್ಕೀರಯ್ಯ ಆ ಸಲ ಮರೆತಿದ್ದ. ನನ್ನ ಬದಿಯ ದೀಪದ ಕಾವಿಗೆ ಮೇಣ ಕರಗಿ ನಾನು ಜಾರಿ ಕಲ್ಲಿನ ಬುಡದ ಹೂವಿನ ರಾಶಿಯೊಳಗೆ ಬಿದ್ದೆ. ಹಣ್ಣುಕಾಯಿ ಹಿಡಿದು ಓಡಿಬಂದ ನಿಂಗಾಜಮ್ಮ ಒಂಟಿಗಣ್ಣಿನ ದೇವಿಯನ್ನು ಕಂಡು ಬಾಗಿಲಲ್ಲೇ ನಿಂತಳು.

"ಕಣ್ಮುಚ್ಕೊಂಡ್ಯಾ ಅವ್ವಾ?"

ಕಾಯನ್ನು ಒಡೆಯದೆ ಹಿಂದಿರುಗಿದಳು. ಮೂರನೆಯ ದಿನ ಮಗು ತೀರಿಕೊಂಡಿತು. ಅವಳು ಮತ್ತೆ ಗುಡಿಗೆ ಬರಲಿಲ್ಲ. ಚಿಕ್ಕೀರಯ್ಯ ನನ್ನನ್ನು ಹುಡುಕಿ, ಯಾರಿಗೂ ಹೇಳದೆ ಅಂಟಿಸಿದ.

ಇಪ್ಪತ್ತು ವರ್ಷ ಕಳೆಯಿತು. ಪೂಜೆಯನ್ನು ತಮ್ಮನ ಮಗನಿಗೆ ಒಪ್ಪಿಸುವ ಮುನ್ನ ಮುದಿ ಪೂಜಾರಿ ನಿಂಗಾಜಮ್ಮನ ಮನೆಗೆ ಹೋಗಿ, ಬೇಡಿಕೊಂಡು, ಅವಳನ್ನು ಕರೆತಂದ.

"ಅವತ್ತು ಅವ್ವ ಕಣ್ಮುಚ್ಚಲಿಲ್ಲ, ನಿಂಗಾಜವ್ವ. ಮೇಣ ಬದಲಾಯಿಸೋದು ಮರ್ತು ನೆಂಟರ ಮದ್ವೆಗೆ ಹೋಗಿದ್ದೆ. ಕರಗಿಬಿಡ್ತು. ತಪ್ಪು ನಂದು."

"ಇಪ್ಪತ್ತು ವರ್ಸ ಬಾಯಿಗೇನು ಮೇಣ ಮೆತ್ಕೊಂಡಿದ್ಯಾ?"

ಅವನು ನಮ್ಮಿಬ್ಬರನ್ನೂ ಕಿತ್ತು ಅಂಗೈಯಲ್ಲಿ ಹಿಡಿದ. "ನೋಡವ್ವ, ಈ ಕಲ್ಲೇ ತಾಯಿ. ಮುಖಾನೇ ಇಲ್ಲ, ಕಣ್ಮುಚ್ಚೋದು ಎಲ್ಲಿ ಬಂತು? ಕಣ್ಣು ಮಡಗಿದ್ದು ನಾವು."

ನಿಂಗಾಜಮ್ಮ ಬರಿಯ ಕಲ್ಲಿಗೆ ಕೈಮುಗಿದಳು. ಅವಳ ನೋಟ ಆ ನುಣುಪಿನ ಮೇಲೆಲ್ಲ ಅಲೆದು ಮತ್ತೆ ಅವನ ಅಂಗೈಗೇ ಬಂತು.

"ಮಡಗು, ಚಿಕ್ಕೀರಯ್ಯ."

"ಯಾಕವ್ವ?"

"ನೀ ಹೇಳಿದ್ದು ದಿಟವೇ ಇರಬೋದು. ಆದ್ರೆ ನನ್ ಮಗೀನ ಯಾಕೆ ತಕಂಡೆ ಅಂತ ಕೇಳಕ್ಕೆ ನಂಗೊಂದು ಮುಖ ಬೇಕು."

ಅವನು ಮತ್ತೆ ಅಂಟಿಸಿದಾಗ ನಾನು ಕೊಂಚ ಓರೆಯಾದೆ. ಅವಳು ನೆಲದ ಮೇಲೆ ಕುಳಿತು ಕೇಳಿದಳು. ಬೈದಳು, ಅತ್ತಳು, ಮತ್ತೆ ಕೇಳಿದಳು. ಕೋಡಮ್ಮನಿಗೆ ಯಾರೂ ಬಾಯಿಯನ್ನು ಹರಕೆ ಕೊಟ್ಟಿರಲಿಲ್ಲ. ಆದರೂ ಮುಂದಿನ ಮಂಗಳವಾರ ಅವಳು ಬಂದಳು, ಬದುಕಿರುವವರೆಗೂ ಬಂದಳು.

ಈಗ ಅವರಿಬ್ಬರೂ ಇಲ್ಲ. ಹೊಸ ಪೂಜಾರಿ ದೊಡ್ಡ ಕಣ್ಣುಗಳನ್ನು ಕರಗದ ಅಂಟಿನಿಂದ ಕೂರಿಸಿದ್ದಾನೆ. ನಾವು ಗುಡಿಯ ಪೆಟ್ಟಿಗೆಯಲ್ಲಿ, ಹಳೆಯ ಬಟ್ಟೆಯ ಗಂಟಿನಲ್ಲಿ ಕಪ್ಪಾಗುತ್ತಿದ್ದೇವೆ. ದೇವರಿಗೆ ಕಣ್ಣುಂಟೆ ಎಂದು ಕೇಳಿದರೆ ನಾನೇನು ಹೇಳಲಿ? ಇಷ್ಟು ವರ್ಷ ಆ ಕಲ್ಲಿನ ತಂಪು ನನ್ನ ಬೆನ್ನಿಗಿತ್ತು, ಅದರಾಚೆಯದನ್ನು ಅರಿಯೆ. ಆದರೆ ಅಂದು ನಿಂಗಾಜಮ್ಮ ನನ್ನನ್ನೇ ನೋಡುತ್ತ ಅತ್ತಾಗ, ಎಂದೋ ಮರೆತಿದ್ದ ಒಂದು ಪುಟ್ಟ ಕಾಲಿನ ಬಿಸುಪು ನೆನಪಾಯಿತು. ಅವಳು ನೋಡುತ್ತಿದ್ದುದು ದೇವಿಯ ಕಣ್ಣನ್ನೋ, ಮಗಳ ಕಡಗವನ್ನೋ, ನನಗೆ ಇಂದಿಗೂ ತಿಳಿಯದು.