ಕತ್ತಿನಲ್ಲಿ ಸೀಸ

ಮಗಳ ಮಣಿಕಟ್ಟು ಊದಿದ್ದನ್ನು ಮೊದಲು ಕಂಡವಳು ಅವಳ ಅಮ್ಮ. ಡಾಕ್ಟರು ಆ ಕೈಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ ನೋಡಿ, "ಏನನ್ನೋ ತಡೆದು ಹಿಡಿಯೋ ಹಾಗೆ ಆಡ್ತಾಳೆ ಇವಳು. ಒಂದೇ ಕಡೆ ಒತ್ತಿ ಒತ್ತಿ ಹೀಗಾಗಿದೆ. ಹೀಗೇ ಬಿಟ್ರೆ ಈ ಕೈ ಬಹಳ ದಿನ ಬರಲ್ಲ" ಎಂದರಂತೆ. ಮನೆಗೆ ಬಂದವಳು ಗಂಡನಿಗೆ ಅಷ್ಟನ್ನೂ ಒಪ್ಪಿಸಿ, "ಗಾಲ್ಫ್ ಕ್ಲಬ್ ಕಟ್ಟೋರು ನೀವು. ಅದೇನು ತಡೀತಿದಾಳೋ ನೀವೇ ನೋಡಿ" ಎಂದು ಒಳಗೆ ಹೋದಳು.

ಅವನ ಕೆಲಸ ಅದೇ. ಆಟಗಾರರ ಎತ್ತರ, ತೋಳಿನ ಉದ್ದ, ಬೀಸಿನ ವೇಗ ಅಳೆದು, ಅವರಿಗೆ ಒಪ್ಪುವ ಉಕ್ಕಿನ ಕೋಲಿಗೆ ಚೆಂಡಿಗೆ ಬಡಿಯುವ ಹೆಡ್ ಅಂಟಿಸಿ, ಹಿಡಿ ಹಾಕಿ ಗಾಲ್ಫ್ ಕ್ಲಬ್ ಕಟ್ಟಿಕೊಡುವುದು. ಪೆಟ್ಟಿಗೆಯಿಂದ ತೆಗೆದ ಹೆಡ್ಡುಗಳು ನೋಡಲು ಒಂದೇ ಥರ; ತಕ್ಕಡಿಗೆ ಹಾಕಿದರೆ ಬಣ್ಣ ಬಯಲು. ಸರಿತೂಕದವು ಗಿರಾಕಿಗಳ ಸೆಟ್ಟಿಗೆ. ಹಗುರಾದವು ಮೇಜಿನ ಕೆಳಗಿನ ಡಬ್ಬಕ್ಕೆ. ಆ ಡಬ್ಬ ಕೆಲಸಗಾರರದು, ಯಾರು ಬೇಕಾದರೂ ಮನೆಗೊಯ್ಯಬಹುದು.

ಮಗಳ ಸೆಟ್ಟು ಹುಟ್ಟಿದ್ದು ಆ ಡಬ್ಬದಲ್ಲೇ. ಹಗುರವಾದ ಹೆಡ್ಡಿನ ಕತ್ತಿನೊಳಗೆ, ಕೋಲು ಕೂರುವ ತೂತಿನಲ್ಲಿ, ಅವನು ಸೀಸದ ತುಂಡು ತುಂಬಿ ತೂಕ ಸರಿದೂಗಿಸಿದ್ದ. ಎಲ್ಲ ಕ್ಲಬ್ಬಿಗೂ ತಕ್ಕಡಿಯ ಮುಳ್ಳು ಒಂದೇ ಗೆರೆಯಲ್ಲಿ ನಿಂತಾಗ ಹೆಂಡತಿಯನ್ನು ಕರೆದು ತೋರಿಸಿದ್ದ. "ನಾವಿಬ್ರೂ ಇಷ್ಟು ಹೊಂದಿಕೊಂಡಿದ್ರೆ ಸಾಕಿತ್ತು" ಎಂದು ಅವಳು ನಕ್ಕಿದ್ದಳು. ಮಗಳು ಆಡುತ್ತ ಆಡುತ್ತ ಎಷ್ಟು ಪಳಗಿದಳೆಂದರೆ, ಈಗ ದೊಡ್ಡ ತರಬೇತಿ ಕೇಂದ್ರದ ಆಯ್ಕೆಗೆ ಕರೆ ಬಂದಿತ್ತು. ಆಯ್ಕೆಗೆ ಉಳಿದದ್ದು ಮೂರೇ ದಿನ. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ.

ಮರುದಿನ ಬೆಳಿಗ್ಗೆ ಅವನು ಮಗಳ ಏಳನೇ ನಂಬರಿನ ಕ್ಲಬ್ಬನ್ನು ಕಾರ್ಖಾನೆಗೆ ತಂದು ಯಜಮಾನಿಯ ಕೈಗೆ ಕೊಟ್ಟ. ಆಕೆ ಮೆಲ್ಲಗೆ ಎರಡು ಬಾರಿ ಬೀಸಿದಳು. ಚೆಂಡನ್ನು ಹೆಡ್ಡಿನ ಮುಖದ ಮೇಲೆ ಪುಟಿಸಿ ನೋಡಿದಳು. ಹುಬ್ಬು ಗಂಟಿಕ್ಕಿತು.

"ತೂಕವೇನೋ ಸರಿ ಇದೆ ಮಹಾರಾಯ. ಅದು ಕೂತಿರೋ ಜಾಗ ಸರಿ ಇಲ್ವಲ್ಲ. ಭಾರ ಎಲ್ಲಾ ಕತ್ತಿನ ಕಡೆಗೇ ಇದೆ. ಹೊಡೆಯೋವಾಗ ಮುಖ ತಾನಾಗೇ ಎಡಕ್ಕೆ ತಿರುಗುತ್ತೆ. ಗಿರಾಕಿಗೆ ಹೀಗೆ ಕೊಡ್ತೀಯಾ?"

"ಗಿರಾಕಿಗೆ ಯಾಕೆ ಕೊಡ್ಲಿ ಅಕ್ಕಾ?"

"ಮಗಳಿಗೆ ಕೊಡ್ತೀಯಾ."

ಅವನು ಕ್ಲಬ್ಬನ್ನು ಹಿಂದಕ್ಕೆ ತೆಗೆದುಕೊಂಡ. ಆಕೆಯೇ ಸರಿತೂಕದ ಹೆಡ್ಡುಗಳ ಪೆಟ್ಟಿಗೆಯನ್ನು ಕಾಲಿನಿಂದ ಅವನತ್ತ ದೂಡಿ, "ಮೊದಲು ಏಳನೇದು ಕಟ್ಟು. ಹುಡುಗಿ ಕೈಯಲ್ಲೇ ಹೊಡೆಸಿ ನೋಡು" ಎಂದಳು. ಬೇಗ ಆರುವ ಅಂಟು ಹಾಕಿ ಮಧ್ಯಾಹ್ನದೊಳಗೆ ಅವನು ಕಟ್ಟಿ ಮುಗಿಸಿದ. ಅದೇ ಉದ್ದ, ಅದೇ ಕೋಲು, ಅದೇ ತೂಕ. ಸೀಸ ಮಾತ್ರ ಇಲ್ಲ.

ಸಂಜೆ ಮಗಳು ಬಂದಳು. ಕಾರ್ಖಾನೆಯ ಹಿಂದಿನ ಬಯಲಲ್ಲಿ ಗುರಿಗೆಂದು ಒಂದು ಕೆಂಪು ಬಟ್ಟೆ ಕಟ್ಟಿತ್ತು. ಹಳೆಯದರಲ್ಲಿ ಹೊಡೆದಳು: ನೇರ ಬಟ್ಟೆಗೇ. ಹೊಸದರಲ್ಲಿ ಹೊಡೆದಳು: ಚೆಂಡು ಬಲಕ್ಕೆ ಹಾರಿ ಗೋಡೆಗೆ ಬಡಿಯಿತು. ಇನ್ನೊಂದು, ಮತ್ತೂ ಬಲಕ್ಕೆ.

"ಏನಪ್ಪಾ ಕಟ್ಟಿದೀಯ ಇದು? ಕೆಟ್ಟದಾಗಿದೆ."

"ಅದು ಒಳ್ಳೇದಮ್ಮಾ."

"ಯಾವ ಮೂಲೆಯಿಂದ ಒಳ್ಳೇದು? ಗೋಡೇನ ಕೇಳಿದ್ರೆ ಹೇಳುತ್ತೆ."

ಅವನು ಸೀಸದ ವಿಷಯ ಹೇಳಿದ. ಎಡಕ್ಕೆ ತಿರುಗುವ ಮುಖವನ್ನು ಮಣಿಕಟ್ಟಿನಿಂದ ತಡೆಯುವುದನ್ನು ಅವಳು ತನಗೇ ಗೊತ್ತಿಲ್ಲದೆ ಕಲಿತಿದ್ದಾಳೆ, ತಡೆಯುವಂಥದ್ದೇನೂ ಇಲ್ಲದಾಗಲೂ ಕೈ ತಡೆಯುತ್ತಿದೆ, ಅದಕ್ಕೇ ಚೆಂಡು ಬಲಕ್ಕೆ ಓಡುತ್ತಿದೆ. ಹೇಳುತ್ತ ಹೇಳುತ್ತ ಅವನ ಸ್ವರ ಸಣ್ಣದಾಯಿತು.

ಮಗಳು ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡಳು. "ಅಂದ್ರೆ ನಾನು ಕಲಿತದ್ದು ಆಟ ಅಲ್ಲ. ನಿನ್ನ ಕ್ಲಬ್ಬು."

ಅವಳು ನೀರು ಕುಡಿಯಲು ಹೋದಾಗ ಅವನು ಒಳಗೆ ಬಂದು ಹಳೆಯ ಏಳನೆಯದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ, ಬಿಸಿಗಾಳಿ ಊದುವ ಹೀಟ್ ಗನ್ ಹಚ್ಚಿದ. ಯೋಚಿಸಿ ಮಾಡಿದ್ದಲ್ಲ. ಎಲ್ಲಿ ತಪ್ಪಿದೆಯೋ ಅಲ್ಲಿ ಬಿಚ್ಚಿ ನೋಡುವುದು ಆ ಕೈಗಳ ಚಾಳಿ. ಅಂಟು ಮೆತ್ತಗಾಗಿ ಹೆಡ್ಡು ಕಳಚಿತು, ಸೀಸದ ತುಂಡು ಮೇಜಿನ ಮೇಲೆ ಉರುಳಿತು.

"ಅಪ್ಪಾ!" ಬಾಗಿಲಲ್ಲಿ ಮಗಳು. "ನಾಡಿದ್ದು ನಾನು ಯಾವುದ್ರಲ್ಲಿ ಆಡ್ಲಿ? ನಿನ್ನ ತಲೆಯಲ್ಲಾ?"

"ಬಿಚ್ಚಿ ನೋಡೋಣ ಅಂತ..."

"ನನ್ನ ಕೇಳಿ ಬಿಚ್ಚಬೇಕಿತ್ತು. ಆ ಕ್ಲಬ್ಬಲ್ಲಿ ನಾನು ಕಣ್ಣು ಮುಚ್ಚಿ ಹೊಡೀತೀನಿ. ನನ್ನ ಆರಿಸಿಕೊಳ್ತಿದ್ರು ಅಪ್ಪ. ಕೈ ಗತಿ ಆಮೇಲೆ ನೋಡ್ಕೊಳ್ತಿದ್ದೆ."

"ಆಮೇಲೆ ಅಂದ್ರೆ ಯಾವಾಗ? ಡಾಕ್ಟರು ಹೇಳಿದ್ದು ಕೇಳಿದೀಯಲ್ಲ."

"ಕೇಳಿದೀನಿ. ಅಮ್ಮ ಬೆಳಿಗ್ಗೆಯಿಂದ ಅದನ್ನೇ ಜಪ ಮಾಡ್ತಿದಾಳೆ."

ಬೈಯುವ ಹಕ್ಕು ಇಂದು ತನಗಿಲ್ಲವೆನಿಸಿ ಅವನು ಹೀಟ್ ಗನ್ ಆರಿಸಿದ. "ಈಗ್ಲೇ ಅಂಟಿಸಿದ್ರೆ ರಾತ್ರಿಯೊಳಗೆ ಗಟ್ಟಿಯಾಗುತ್ತೆ. ಸೀಸ ಹಾಕಿ, ಮೊದಲು ಹೇಗಿತ್ತೋ ಹಾಗೇ ಕೊಡ್ತೀನಿ. ಬೇಡ ಅಂದ್ರೆ, ರಾತ್ರಿ ಕೂತು ಹೊಸ ಸೆಟ್ಟು ಪೂರ್ತಿ ಕಟ್ತೀನಿ. ನೀನು ಹೇಳು. ನಾನು ಹೇಳಲ್ಲ."

"ಹೊಸದ್ರಲ್ಲಿ ಆಡಿದ್ರೆ ಆರಿಸ್ಕೊಳ್ತಾರಾ?"

ಸುಳ್ಳು ಹೇಳಲು ಅವನಿಗೆ ಬಹಳ ಮನಸ್ಸಿತ್ತು. "ಎರಡು ದಿನದಲ್ಲಿ ಕೈ ತಿದ್ದಿಕೊಳ್ಳೋದು ಕಷ್ಟ."

ಅವಳು ಹೊಸ ಕ್ಲಬ್ಬನ್ನೂ ಚೆಂಡಿನ ಬುಟ್ಟಿಯನ್ನೂ ಎತ್ತಿಕೊಂಡು ದಡದಡನೆ ಬಯಲಿಗೆ ಹೋದಳು. ಅವನು ಹೋಗಲಿಲ್ಲ. ಮೇಜಿನ ಮುಂದೆ ಕೂತು ಹೆಡ್ಡಿನ ಕತ್ತಿನೊಳಗೆ ಉಳಿದ ಅಂಟನ್ನು ಕೆರೆಯುತ್ತ ಕಿವಿಗೊಟ್ಟ. ಹೊಡೆತದ ಸದ್ದು, ಹಿಂದೆಯೇ ಗೋಡೆಯ ಸದ್ದು. ಮತ್ತೆ ಹೊಡೆತ, ಗೋಡೆ. ನಡುವೆ ಅವಳು ಯಾರನ್ನೋ ಬಯ್ದುಕೊಂಡಳು, ತನ್ನನ್ನೇ ಇರಬೇಕು, ಅಥವಾ ಅಪ್ಪನನ್ನು. ಹೊರಗೆ ಹೋಗಿ ಆ ಭುಜಗಳನ್ನು ಹಿಡಿದು ಸಾಕು ಎನ್ನಬೇಕೆಂದು ಏಳುತ್ತಿದ್ದ, ಕೂರುತ್ತಿದ್ದ. ಒಂದು ಹೊಡೆತದ ಹಿಂದೆ ಏನೂ ಕೇಳಿಸಲಿಲ್ಲ. ಕೆರೆಯುವುದನ್ನು ನಿಲ್ಲಿಸಿದ. ಮುಂದಿನದು ಗೋಡೆಗೇ ಬಡಿಯಿತು.

ಬುಟ್ಟಿ ಬರಿದಾದ ಮೇಲೆ ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು.

"ಅಂಟಿಸಬೇಡ."

"ಪೂರ್ತಿ ಯೋಚನೆ ಮಾಡಿ ಹೇಳ್ತಿದೀಯಾ ಮಗಳೇ?"

"ಕೇಳಬೇಡ. ಕೇಳಿದ್ರೆ ಮನಸ್ಸು ಬದಲಾಗುತ್ತೆ. ನಿನ್ನ ಮೇಲೆ ಸಿಟ್ಟು ಹಾಗೇ ಇದೆ, ಹೋಗಿದೆ ಅಂದ್ಕೋಬೇಡ." ಅವಳು ಖಾಲಿ ಬುಟ್ಟಿಯನ್ನು ಅವನ ಕೈಗೆ ತುರುಕಿದಳು. "ಬೆಳಕು ಹೋಗ್ತಿದೆ. ಬಾ, ಚೆಂಡು ಹೆಕ್ಕು."