ಬೂದಿ ಕಂಡ ಚಸಮಾ

ತಿಕೋಟಾದ ಸಿದ್ದರಾಮನ ಅಜ್ಜಿ ಮುರಿಗೆವ್ವನಿಗೆ ಈ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ಬೂದಿ ಹಚ್ಚಿ ತಿಕ್ಕಿದವು, ಇನ್ನೂ ತಿಕ್ಕಬೇಕಾದವು. ಸೋಮವಾರ ಮನೆಯವರು ಏಳುವ ಮೊದಲೇ ಜಗಲಿಯ ದೇವರು, ಗಂಟೆ, ಹಿತ್ತಾಳೆ ತಂಬಿಗೆ ಎಲ್ಲ ಬಚ್ಚಲಿಗಿಳಿದು, ಹುಣಸೆಹಣ್ಣು ಬೂದಿಯಲ್ಲಿ ಮಿಂದು, ಮದುಮಕ್ಕಳಂತೆ ಮಿಂಚುತ್ತ ಒಳಗೆ ಹೋಗುತ್ತಿದ್ದವು. ಕಣ್ಣಿನ ಆಪರೇಷನ್ ಆಗಿ ಚಸಮಾ ಬಂದ ಮೇಲೆ ಅದೂ ಆ ಸಾಲಿಗೆ ಸೇರಿತು. ಗಾಜು ನಾಜೂಕು ಎಂದು ಅದಕ್ಕೆ ಹುಣಸೆಹಣ್ಣು ಮಾಫಿ. ಬರೀ ಸೋಸಿದ ಬೂದಿ.

ಮೊಮ್ಮಗನಿಗೆ ಕನ್ಯಾ ಒಪ್ಪುವ ಕೊನೆಯ ಮಾತು ಮುರಿಗೆವ್ವನದು. ಒಬ್ಬಳ ಹಣೆಗೆ ಗೀರು, ಇನ್ನೊಬ್ಬಳ ಗಲ್ಲಕ್ಕೆ ಗೀರು ಎಂದು ಆಗಲೇ ಇಬ್ಬರನ್ನು ಬೇಡವೆಂದಿದ್ದಳು. ಉಳಿದವರು ಎಷ್ಟು ದಿಟ್ಟಿಸಿದರೂ ಗೀರು ಕಾಣಲಿಲ್ಲ. ಆದರೆ ಹೊಸ ಚಸಮಾದವಳ ಮುಂದೆ ಬರಿಗಣ್ಣಿನವರು ಏನು ವಾದಿಸುವುದು?

ಆಗ ಸಿದ್ದರಾಮನೂ ಸುಮ್ಮನಿದ್ದ. ಈ ಸಲ ಹಾಗಲ್ಲ. ಹೊರಟದ್ದು ಬಬಲೇಶ್ವರದ ಸುವರ್ಣಾಳ ಮನೆಗೆ. ಸುಟ್ಟ ಪಂಪಿನ ಮೋಟಾರನ್ನು ಅವನ ರಿಪೇರಿ ಅಂಗಡಿಗೆ ತಂದು, "ನಾಳಿ ಬರ್ರಿ" ಎಂದು ನಾಲ್ಕು ಸಲ ಹೇಳಿಸಿಕೊಂಡು, ಐದನೆಯ ಸಲ ಸ್ಟೂಲು ಎಳೆದು ಕೂತು, "ನಾಳಿ ಇಲ್ಲೇ ಬರ್ಲಿ, ನಾ ಕಾಯ್ತೀನಿ" ಅಂದವಳು ಅವಳು. ಅಂದಿನಿಂದ ಅವನು ಮೋಟಾರಿಗೆ ಸುತ್ತುವ ತಂತಿಯ ಎಣಿಕೆಯೆಲ್ಲ ತಪ್ಪುತ್ತಿತ್ತು.

ಸುವರ್ಣಾ ಅವಲಕ್ಕಿ ತಂದಳು. ಸಿದ್ದರಾಮನಿಗೆ ಒಂದು ತಾಟು ಕೊಟ್ಟಳು. ಇನ್ನೊಂದನ್ನು ಮುರಿಗೆವ್ವನನ್ನು ದಾಟಿ, ಪಕ್ಕದ ಒರಗುವ ಲೋಡಿನ ಮುಂದೆ ಬಹಳ ಮರ್ಯಾದೆಯಿಂದ ಇಟ್ಟು ತಲೆ ಬಾಗಿಸಿ ಕೂತಳು.

ಮುರಿಗೆವ್ವ ಕತ್ತು ಚಾಚಿ ನೋಡಿದಳು. "ಹುಡುಗಿ ಚಲೋ ಅದಾಳ. ಆದ್ರ ಮಾರಿ ತುಂಬ ಗೀರು ಅದಾವಲ್ಲೋ ಯಪ್ಪಾ! ಬೆಕ್ಕು ಗಿಕ್ಕು ಪರಚೇತೇನು?"

"ನಮ್ಮನ್ಯಾಗ ಬೆಕ್ಕೇ ಇಲ್ರಿ!" ಅಂದ ಹುಡುಗಿಯ ಅಪ್ಪ.

ಸಿದ್ದರಾಮ ಬಾಯಿಗೆ ಒಯ್ದಿದ್ದ ಅವಲಕ್ಕಿಯನ್ನು ಮರಳಿ ತಾಟಿಗೆ ಹಾಕಿದ. ಏಳು ಸಮುದ್ರ ದಾಟಿದ ರಾಜಕುಮಾರನೂ ಇಂಥ ಅಜ್ಜಿಯನ್ನು ದಾಟಿರಲಿಕ್ಕಿಲ್ಲ.

ಸುವರ್ಣಾ ತಲೆ ಎತ್ತಿದಳು. "ಅಜ್ಜೀ, ಗ್ವಾಡಿ ನೋಡ್ರಿ. ಅದಕ್ಕೂ ಗೀರು ಅದಾವೇನು?"

"ಅದಾವ."

"ನಮ್ಮಪ್ಪಗ?"

"ಅದಾವಲ್ಲಬೇ! ನಿಮ್ಮ ಮನೆತನಕ್ಕs ಐತೇನು ಇದು?"

"ನಿಮ್ಮ ಮೊಮ್ಮಗಗ?"

ಮುರಿಗೆವ್ವ ತಿರುಗಿ ನೋಡಿ ಗಾಬರಿಯಾದಳು. "ಸಿದ್ದ್ಯಾ, ನಿನಗ್ಯಾವಾಗ ಬಂತೋ?"

ಸುವರ್ಣಾ ಎದ್ದು ಒಳಗೆ ಹೋದವಳು ಮೂಗಿನ ಮೇಲೆ ಚಸಮಾ ಏರಿಸಿಕೊಂಡು ಬಂದಳು. ಅವಳ ಅಪ್ಪ ಹಣೆ ಬಡಿದುಕೊಂಡ. "ಇವತ್ತೊಂದಿನ ಹಾಕ್ಕೋಬ್ಯಾಡ ಅಂದಿದ್ನಲ್ಲ!"

"ಹಾಕ್ಕೊಳ್ಳದs ಲೋಡಿಗೆ ಅವಲಕ್ಕಿ ಕೊಟ್ಟೇನಿ ಅಪ್ಪಾ. ಸಾಕು." ಅವಳು ಅಜ್ಜಿಯ ಚಸಮಾ ಇಸಿದುಕೊಂಡು ಬೆಳಕಿಗೆ ಹಿಡಿದಳು. "ಇದನ್ನ ಹೆಂಗ ಒರಸ್ತೀರಿ?"

"ಒರಸೂದೇನಬೇ, ತಿಕ್ಕತೀನಿ! ಬೂದಿ ಹಚ್ಚಿ!"

ಸಿದ್ದರಾಮ ತಾಟು ಕೆಳಗಿಟ್ಟ.

"ನಂದು ನಾಕು ವರ್ಷದ್ದು, ನೋಡ್ರಿ," ಅಂದಳು ಸುವರ್ಣಾ. "ಒಣಗಿದ್ದಾಗ ಸೆರಗು ಸುದ್ದಾ ಮುಟ್ಟಸಂಗಿಲ್ಲ, ಧೂಳs ಗೀರತೈತಿ. ಮೊದಲ ನೀರು ಬಿಟ್ಟು ಧೂಳ ಕಳೀತೀನಿ. ಆಮ್ಯಾಲ ಒಂದು ಹನಿ ಸಾಬಾಣಿನ ನೀರು ಬೆರಳಲೆ ಸವರಿ, ತೊಳದು, ಮೆತ್ತನ್ನ ಅರಿವಿಲೆ ಒತ್ತಿ ತೆಗೀತೀನಿ. ಬಿದ್ದ ಗೀರು ಮಾತ್ರ ಹೋಗಂಗಿಲ್ರಿ."

ಮುರಿಗೆವ್ವ ತನ್ನ ಚಸಮಾ ತಿರುಗಿ ಇಸಿದುಕೊಂಡು ಗಾಜಿನ ಮೇಲೆ ಬೆರಳಾಡಿಸಿದಳು. "ಹಂಗಾರ... ಆ ಎರಡು ಹುಡುಗ್ಯಾರು?"

"ಅವರ ಮದಿವಿ ಆಗ್ಯಾವ ಬಿಡಬೇ!" ಅಂದ ಸಿದ್ದರಾಮ, ಉಸಿರು ಬಿಡದೆ.

"ಹೊಸಾ ಗಾಜು ಹಾಕಿಸಿ, ಮತ್ತ ನೋಡೇ ಹೇಳ್ತೀನಿ," ಅಂದಳು ಮುರಿಗೆವ್ವ. ಸೋತರೂ ಹಟ ಬಿಡಲಿಲ್ಲ.

ಮರುದಿನವೇ ಸಿದ್ದರಾಮ ಅವಳನ್ನು ವಿಜಯಪುರಕ್ಕೆ ಕರೆದೊಯ್ದು, ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಗಾಜು ಹಾಕಿಸಿದ. ವಾರ ಕಳೆದು ಮತ್ತೆ ಬಬಲೇಶ್ವರ. ಹೊರಡುವ ಮೊದಲು ಅವನು ಎರಡೆರಡು ಸಲ ದಾಡಿ ಮಾಡಿಕೊಂಡಿದ್ದ.

ಮುರಿಗೆವ್ವ ಅವರ ಅಂಗಳದ ನಲ್ಲಿಯ ಕೆಳಗೆ ಚಸಮಾ ಹಿಡಿದಳು. ನೀರು, ಸಾಬಾಣು, ಮೆತ್ತನೆ ಅರಿವೆ. ಏರಿಸಿಕೊಂಡು ಸುವರ್ಣಾಳನ್ನು ನೋಡಿದಳು, ಮುಖ ಅರಳಿತು. ಮೊಮ್ಮಗನನ್ನು ನೋಡಿದಳು, ಹುಬ್ಬು ಗಂಟಾಯಿತು. ತಿರುಗಿ ನಲ್ಲಿಗೆ ಹೋಗಿ ಇನ್ನೊಮ್ಮೆ ತೊಳೆದು ಬಂದು ನೋಡಿದಳು.

"ಸಿದ್ದ್ಯಾ, ನಿನ್ನ ಗದ್ದಕ್ಕ ಗೀರು ಐತಲ್ಲೋ."

"ಬ್ಲೇಡು ತಾಗೇತಿ ಬೇ..."

ಮುರಿಗೆವ್ವ ಸುವರ್ಣಾಳ ಕಡೆ ಬಾಗಿ ದನಿ ತಗ್ಗಿಸಿದಳು. "ಎರಡು ಸಲ ತೊಳದು ನೋಡಿದೆ. ಇದು ಚಸಮಾದ್ದಲ್ಲ. ನನಗ ನೀ ಒಪ್ಪಿಗಿ. ನಿನಗ ಇಂವ ನಡೀತಾನೇನು?"

ಸುವರ್ಣಾ ತನ್ನ ಚಸಮಾ ಸರಿಮಾಡಿಕೊಂಡು ಆ ಗದ್ದವನ್ನು ನಿಧಾನವಾಗಿ ಪರೀಕ್ಷಿಸಿದಳು.

"ನಡೀತಾನ ಬಿಡ್ರಿ ಅಜ್ಜೀ," ಅಂದಳು. "ಬೂದಿ ಮಾತ್ರ ಹಚ್ಚಬ್ಯಾಡ್ರಿ."