ಹೊಟ್ಟೆಯ ತೂಕ

ನಿಟ್ಟೂರಿನ ಸುತ್ತಮುತ್ತ ಮುದಿ ಎತ್ತನ್ನಾಗಲಿ ಕೋಣವನ್ನಾಗಲಿ ಕಟುಕರಿಗೆ ಮಾರಿದವರು ಒಬ್ಬರೂ ಇಲ್ಲ. ಬೇಕಾದರೆ ಕೇಳಿ ನೋಡಿ. ಒಬ್ಬ "ಬೇಸಾಯಕ್ಕೆ ಅಂತ ತಗೊಂಡೋದ್ರು" ಅನ್ನುತ್ತಾನೆ. ಇನ್ನೊಬ್ಬ "ಆ ಕಡೆ ಸೀಮೆಯೋರು ಯಾರೋ ಹೊಡ್ಕೊಂಡೋದ್ರು" ಅನ್ನುತ್ತಾನೆ. ಹಲ್ಲು ಸವೆದು, ಮೊಣಕಾಲು ಊದಿ, ಬಾಲ ಹಿಡಿದು ಎತ್ತಿದರೂ ಏಳದ ಕೋಣ ಕಟ್ಟಿಕೊಂಡು ಆ ಸೀಮೆಯವರು ಯಾವ ಗದ್ದೆ ಉಳುತ್ತಾರೋ ಆ ಶಿವನೇ ಬಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಊರೇ ಕಣ್ಣು ಮುಚ್ಚಿಕೊಂಡು ದುಡ್ಡು ಎಣಿಸಿಕೊಳ್ಳುತ್ತಿತ್ತು. ಈ ಮಾನವಂತರ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡು ದಳ್ಳಾಳಿ ಅಡವಿಯಪ್ಪ ಕುಣಿಗಲ್ಲಿನಲ್ಲಿ ತಾರಸಿ ಮನೆ ಕಟ್ಟಿಸಿದ್ದ.

ಕಣ್ಣು ಮುಚ್ಚಿಕೊಳ್ಳದವನು ಚಿಕ್ಕಬೀರಯ್ಯ ಒಬ್ಬನೇ. ಕುಣಿಗಲ್ ಕೆರೆ ಕೆಳಗಿನ ಗದ್ದೆಗಳಲ್ಲಿ ಉತ್ತು ಉತ್ತು ಸೋತ ಕೋಣಗಳನ್ನು ಅಗ್ಗಕ್ಕೆ ಹಿಡಿದು ತಂದು, ಹುರುಳಿ ನುಚ್ಚು, ಕಡಲೆಕಾಯಿ ಹಿಂಡಿ, ಹಸಿ ಜೋಳದ ಕಡ್ಡಿ ಹಾಕಿ ಮೈ ತುಂಬಿಸುವುದು ಅವನ ಕಸುಬು. ಮೂಳೆ ಚಕ್ಕಳವಾಗಿ ಬಂದದ್ದು ಆರು ತಿಂಗಳಲ್ಲಿ ಎಣ್ಣೆ ಸವರಿದ ಬಂಡೆಯಂತಾಗುತ್ತಿತ್ತು. "ಎಲ್ಲಿಗೆ ಕೊಡ್ತೀಯಾ?" ಎಂದು ಯಾರಾದರೂ ಕೆಣಕಿದರೆ ಕಡ್ಡಿ ಮುರಿದಂತೆ "ಕುಯ್ಯೋರಿಗೆ" ಅನ್ನುತ್ತಿದ್ದ. ಕೇಳಿದವರು ಕೆನ್ನೆ ಬಡಿದುಕೊಳ್ಳುತ್ತಿದ್ದರು. ತಮ್ಮ ಕೋಣ ಮುದಿಯಾದಾಗ ಕತ್ತಲಲ್ಲಿ ಅಡವಿಯಪ್ಪನಿಗೆ ಹೇಳಿ ಕಳಿಸುತ್ತಿದ್ದವರೂ ಅವರೇ.

ಬೀರಯ್ಯನಿಗೆ ಉರಿಯುತ್ತಿದ್ದದ್ದು ಬೇರೆ ಕಡೆ. ಆರು ತಿಂಗಳ ಮೇವು, ಮೈಕೈ ನೋವು ಎಲ್ಲವೂ ಕೊನೆಗೆ ಅಡವಿಯಪ್ಪನ ಟವೆಲಿನ ಕೆಳಗೆ ಹೋಗಿ ಸಾಯುತ್ತಿತ್ತು. ವ್ಯಾಪಾರ ನಡೆಯುತ್ತಿದ್ದ ರೀತಿಯೇ ಹಾಗೆ: ಇಬ್ಬರ ಕೈಗೂ ಟವೆಲ್ ಮುಚ್ಚಿ, ದಳ್ಳಾಳಿ ಇವನ ಬೆರಳು ಹಿಡಿದು ಒತ್ತುತ್ತಾನೆ. ಒಂದು ಬೆರಳಿಗೆ ನೂರು ಅನ್ನುವುದು ಲೆಕ್ಕ. ಬಾಯಿ ಬಿಟ್ಟು ಬೆಲೆ ಹೇಳುವ ಹಾಗಿಲ್ಲ, ಪಕ್ಕದವನಿಗೆ ಎಷ್ಟು ಸಿಕ್ಕಿತೆಂದು ತಿಳಿಯುವ ಹಾಗೂ ಇಲ್ಲ. ಕೊಬ್ಬಿದ ಕೋಣಕ್ಕೂ ಬಡಕಲು ಕೋಣಕ್ಕೂ ಹೆಚ್ಚು ಕಡಿಮೆ ಅಷ್ಟೇ ಬೆರಳು. ತಾನು ತಿನ್ನಿಸಿದ್ದು ಯಾರ ಕಣ್ಣಿಗಾದರೂ ಬೀಳಲಿ, ಅದಕ್ಕೆ ನ್ಯಾಯವಾದ ಬೆಲೆ ಸಿಗಲಿ ಎನ್ನುವುದೊಂದೇ ಅವನಿಗಿದ್ದ ಆಸೆ.

ಎಂಬತ್ತಮೂರನೇ ಇಸವಿಯಲ್ಲಿ ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಮಾಂಸದ ಕಾರ್ಖಾನೆ ಶುರುವಾಯಿತು. ಮಾಂಸವನ್ನು ಐಸಿನಲ್ಲಿಟ್ಟು ಅರಬ್ಬರ ದೇಶಕ್ಕೆ ಕಳಿಸುತ್ತಾರಂತೆ, ಗೇಟಿನ ಹತ್ತಿರವೇ ತೂಕ ಹಾಕಿ ಕೇಜಿ ಲೆಕ್ಕದಲ್ಲಿ ಅಲ್ಲೇ ದುಡ್ಡು ಎಣಿಸುತ್ತಾರಂತೆ ಎಂಬ ಸುದ್ದಿ ಬಂತು. ಆ ಸಲ ಅಡವಿಯಪ್ಪ ಬಂದು ಟವೆಲ್ ಕೊಡವಿದಾಗ ಬೀರಯ್ಯ ಕೈ ಕೊಡಲಿಲ್ಲ.

"ಯಾಕ್ ಬೀರಣ್ಣ, ಕೈಯೆಲ್ಲಿ?"

"ಈ ಸಲ ತಕ್ಕಡಿ ಕೈ ಹಿಡೀತೀನಿ ಕಣಪ್ಪ. ಅದು ಸುಳ್ಳೇಳಲ್ಲ."

ಅಡವಿಯಪ್ಪ ನಕ್ಕು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ತಕ್ಕಡಿ ಸುಳ್ಳೇಳಲ್ಲ ಬುಡು. ಅದ್ರ ಪಕ್ಕ ಒಬ್ಬ ನಿಂತಿರ್ತಾನೆ, ಅವುನ್ನ ನೋಡ್ಕೋ" ಎಂದು ಹೇಳಿ ಹೊರಟ.

ಹೊರಡುವ ದಿನ ಬೀರಯ್ಯನ ಹೆಂಡತಿ ಕಲ್ಲಮ್ಮ ಕೋಳಿ ಕೂಗುವ ಮುಂಚೆಯೇ ಎದ್ದಳು. ಮನೆಯಿಂದ ಕೊನೆಯ ಸಲ ಹೊರಡುವ ಜೀವವನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಎನ್ನುವುದು ಅವರಲ್ಲಿ ಅಜ್ಜಿ ಮುತ್ತಜ್ಜಿ ಕಾಲದಿಂದ ಬಂದ ನಡೆ. ಹಾಗೆ ಕಳಿಸಿದರೆ ಕೊಟ್ಟಿಗೆಗೆ ಏಳಿಗೆಯಿಲ್ಲವಂತೆ. ನಾಲ್ಕು ಕೋಣಗಳ ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ಬೆಲ್ಲ ಕಲಸಿದ ರಾಗಿ ಅಂಬಲಿಯನ್ನು ಮಂಕರಿಗಟ್ಟಲೆ ನುಚ್ಚಿನ ಜೊತೆ ಇಟ್ಟಳು. ಅವು ಮೂತಿ ಅದ್ದಿ ಸೊರಸೊರ ಹೀರುತ್ತಿದ್ದರೆ ಕೊರಳು ನೇವರಿಸುತ್ತ "ತಿನ್ನಪ್ಪ, ತಿನ್ನು" ಅನ್ನುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಎಲ್ಲಿಗೆ ಹೋಗುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇನ್ನೂ ಒಂದು ಬಿಂದಿಗೆ ಜಾಸ್ತಿ ಸುರಿದಳು.

ಬೀರಯ್ಯನೂ ಆ ನಡೆಯನ್ನು ಬಿಟ್ಟವನಲ್ಲ. ದಾರಿಯಲ್ಲಿ ಗುಬ್ಬಿ ಕೆರೆಗೆ ಇಳಿಸಿ ಈಜಾಡಲು ಬಿಟ್ಟ. ಮಲ್ಲಸಂದ್ರದಲ್ಲಿ ನಂಟರ ಕೊಟ್ಟಿಗೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹೊರೆ ಹುಲ್ಲು ಕೊಂಡು ಹಾಕಿದ. ಕಾರ್ಖಾನೆಯ ಗೇಟು ಕಂಡಾಗ ಕೊನೆಯ ಸಲ ಎಂದು ಬೋರಿನ ತೊಟ್ಟಿಯಲ್ಲಿ ಸಾಕು ಸಾಕೆನಿಸುವಷ್ಟು ನೀರು ಕುಡಿಸಿದ.

ತೂಕದ ಕಟ್ಟೆಯ ಪಕ್ಕ ನಿಂತಿದ್ದವನು ಚನ್ನವೀರಯ್ಯ ಎಂಬ ಗುಮಾಸ್ತ. ಹಣೆ ತುಂಬ ವಿಭೂತಿ, ಮೂಗಿಗೆ ಕರ್ಚೀಫು. ಒಳಗೆ ಏನು ನಡೆಯುತ್ತದೆಂದು ತಾನು ಕಣ್ಣೆತ್ತಿಯೂ ನೋಡಿಲ್ಲ, ತನ್ನದೇನಿದ್ದರೂ ಮುಳ್ಳು ನೋಡುವ ಕೆಲಸ ಎಂದು ಕೇಳದವರಿಗೂ ಹೇಳುತ್ತಿದ್ದ. ಮೊದಲನೇ ಕೋಣ ಕಟ್ಟೆ ಹತ್ತಿತು. ಮುಳ್ಳು ಸರ್ರನೆ ತಿರುಗಿ, ಬೀರಯ್ಯ ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ನಿಂತಿತು. ಅವನ ಎದೆ ಉಬ್ಬಿತು. ಆರು ತಿಂಗಳು ತಾನು ಹಾಕಿದ್ದೆಲ್ಲ ಅಲ್ಲಿ ಮುಳ್ಳಿನ ತುದಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಚನ್ನವೀರಯ್ಯ ಮುಳ್ಳನ್ನು ಬಿಟ್ಟು ಕೋಣದ ಪಕ್ಕೆ ನೋಡಿದ. ಕೈಲಿದ್ದ ಕೋಲಿನಿಂದ ತಿವಿದ. ಒಳಗೆ ನೀರು ಗುಳುಗುಳು ಅಂದಿತು.

"ನೀರು ತುಂಬ್ಸಿದ್ದೀಯೇನಯ್ಯ?"

"ಕುಡಿಸಿದೀನಿ ಸ್ವಾಮಿ. ಹೊಟ್ಟೆ ತುಂಬಾ ಕುಡಿದವೆ" ಎಂದು ಬೀರಯ್ಯ ಹೆಮ್ಮೆಯಿಂದಲೇ ಹೇಳಿದ.

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಯಾಕೆ ನಕ್ಕರೆಂದು ಅವನಿಗೆ ತಿಳಿಯಲಿಲ್ಲ.

"ನೋಡ್ರಯ್ಯ ಧೈರ್ಯವ! ಮಾಡಿದ ಮೋಸನ ಬಾಯ್ತುಂಬ ಹೇಳ್ತಾನೆ" ಎಂದ ಚನ್ನವೀರಯ್ಯ. "ಉಪ್ಪು ನೆಕ್ಸಿ, ನೀರು ಕುಡ್ಸಿ, ಮೇವು ತುರುಕಿ ತೂಕ ಏರ್ಸೋ ಆಟ ನಮಗೆ ಗೊತ್ತಿಲ್ಲ ಅನ್ಕೊಂಡ್ಯಾ? ಮಾಲು ಅಂದ್ರೆ ಒಂದೂವರೆ ದಿನ ಹಸ್ದಿರಬೇಕು. ನಾವು ಮಾಂಸ ಕೊಳ್ಳೋರು. ನಿನ್ನ ಕೆರೆ ನೀರಿಗೆ, ಸಗಣಿಗೆ ದುಡ್ಡು ಕೊಡಕ್ಕಾಗುತ್ತಾ? ಹೊಟ್ಟೆ ಕಡಿತ ಹಾಕ್ತೀನಿ. ನೂರಕ್ಕೆ ಇಪ್ಪತ್ತೈದು."

ಬೀರಯ್ಯ ಕೈ ಮುಗಿದ. "ಮೋಸ ಅಲ್ಲ ಸ್ವಾಮಿ, ಆಣೆಗೂ ಅಲ್ಲ. ಮನೆಯಿಂದ ಹೋಗೋ ಜೀವ. ಹಸ್ಕೊಂಡು ಹೋಗಬಾರ್ದು ಅಂತ ನಮ್ಮ ಹೆಂಗಸು..."

"ಸಾಯೋ ಕೋಣಕ್ಕೆ ಔತಣವಾ?" ಎಂದು ಯಾರೋ ಹಿಂದಿನಿಂದ ಅಂದರು. ಮತ್ತೆ ನಗು ಎದ್ದಿತು.

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತಾರೆ. ಅವತ್ತು ಆ ಗೇಟಿನಲ್ಲಿ ಕಿನ್ನರಿ ಬಾರಿಸಿದವನು ಬೀರಯ್ಯ, ಕೋಣಗಳು ನಿಂತಿದ್ದದ್ದು ಕಟ್ಟೆಯ ಮೇಲಲ್ಲ, ಈಚೆ. ಎಷ್ಟು ಬೇಡಿದರೂ ಚನ್ನವೀರಯ್ಯ ಜಗ್ಗಲಿಲ್ಲ. ಬೇಡವಾದರೆ ವಾಪಸ್ಸು ಹೊಡೆದುಕೊಂಡು ಹೋಗು ಎಂದ. ವಾಪಸ್ಸು ಹೊಡೆದುಕೊಂಡು ಹೋಗಿ ಊರಿನವರಿಗೆ ಯಾವ ಮುಖ ತೋರಿಸುವುದು? ಬೀರಯ್ಯ ಹೆಬ್ಬೆಟ್ಟು ಒತ್ತಿದ. ಅವನ ಹಿಂದೆಯೇ ಅಡವಿಯಪ್ಪನ ಲಾರಿ ಬಂದು ನಿಂತಿತು. ಪಕ್ಕೆ ಒಳಗೆ ಹೋದ, ತುಟಿ ಒಣಗಿದ, ಮೂತಿಯಲ್ಲಿ ನೊರೆ ಕಟ್ಟಿದ ಪ್ರಾಣಿಗಳು ಅದರಿಂದ ಇಳಿದವು. ಅವುಗಳಿಗೆ ಯಾವ ಕಡಿತವೂ ಇಲ್ಲ.

"ಬೀರಣ್ಣ, ನಂಗೇ ಕೊಟ್ಟಿದ್ರೆ ಇದಕ್ಕಿಂತ ಒಂದು ಬೆರಳು ಜಾಸ್ತೀನೇ ಸಿಕ್ತಿತ್ತಲ್ಲೋ" ಎಂದ ಅಡವಿಯಪ್ಪ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ, ನಿಜವಾಗಿಯೂ ಅಯ್ಯೋ ಅನ್ನುತ್ತಿದ್ದ. ಅದೇ ಬೀರಯ್ಯನಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದವನು ಹೆಂಡತಿಯ ಮೇಲೆ ಹಾರಾಡಿದ. "ನಿನ್ ಅಂಬ್ಲಿಗೆ ಬೆಂಕಿ ಹಾಕ. ಕಳ್ಳ ಅನ್ನಿಸ್ಬುಟ್ಟೆ ಕಣಮ್ಮಿ ನನ್ನ, ಹತ್ತಾರು ಜನದ ಮುಂದೆ."

ಕಲ್ಲಮ್ಮ ಸುಮ್ಮನಿರುವ ಹೆಂಗಸಲ್ಲ. "ಮಾರಮ್ಮಂಗೆ ಕಡಿಯೋ ಕೋಣಕ್ಕೂ ಕಡೇ ಗಳಿಗೇಲಿ ಹೊಟ್ಟೆ ತುಂಬ ಇಕ್ತಾರೆ. ಹಸಿದಿದ್ದನ್ನ ದೇವ್ರೂ ಒಲ್ಲೆ ಅಂತಾಳೆ. ನಿನ್ ಕಾರ್ಖಾನೆಯೋನು ಆ ದೇವ್ರಿಗಿಂತ ದೊಡ್ಡೋನಾ?"

ಬೀರಯ್ಯ ಹಟಕ್ಕೆ ಬಿದ್ದ. ಮೋಸಗಾರ ಎಂದವನ ಬಾಯಲ್ಲೇ ಸಾಚಾ ಎನ್ನಿಸಬೇಕು, ಪೂರ್ತಿ ಬೆಲೆ ಎಣಿಸಿಕೊಳ್ಳಬೇಕು. ಮತ್ತೆ ಕುಣಿಗಲ್ಲಿನಿಂದ ನಾಲ್ಕು ಸೋತ ಕೋಣ ತಂದು ಮೊದಲಿಗಿಂತ ಮುತುವರ್ಜಿಯಿಂದ ಮೇಯಿಸಿದ. ಅದರಲ್ಲಿ ಕಂದು ಕೂದಲಿನ ಒಂದನ್ನು ಕಲ್ಲಮ್ಮ ಕೆಂಚ ಎಂದು ಕರೆದಳು. ಅದು ಬೀರಯ್ಯನ ಕೆಮ್ಮು ಕೇಳಿದರೆ ಸಾಕು, ಎದ್ದು ನಿಂತು ಗೊಂತಿನಿಂದ ತಲೆ ಚಾಚುತ್ತಿತ್ತು.

ಎರಡನೇ ಸಲ ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಅವನು ನಾಲ್ಕಕ್ಕೂ ಬಾಯಿಕುಕ್ಕೆ ಕಟ್ಟಿದ. ಕಣದಲ್ಲಿ ತೆನೆ ತಿನ್ನದಿರಲಿ ಎಂದು ಎತ್ತುಗಳ ಮೂತಿಗೆ ಕಟ್ಟುವ ಹಗ್ಗದ ಬಲೆ ಅದು. ಕಲ್ಲಮ್ಮ ಅಂಬಲಿಯ ಬಿಂದಿಗೆ ಹಿಡಿದು ಬಂದಾಗ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ. ಅವಳು ಅವನ ಮುಖ ನೋಡಿದಳು, ಬಿಂದಿಗೆಯನ್ನು ಅಲ್ಲೇ ತಿಪ್ಪೆಗೆ ಕವುಚಿ ಒಳಗೆ ಹೋದಳು. ಆ ದಿನವೆಲ್ಲ ಅವು ಅರಚಿದವು. ಬೀರಯ್ಯ ಊರ ಬಾಗಿಲ ಅರಳಿಕಟ್ಟೆಗೆ ಹೋಗಿ ಕೂತ. ಅಲ್ಲಿಗೂ ಕೇಳುತ್ತಿತ್ತು.

ದಾರಿಗಿಳಿದಾಗ ಮೂರು ತಲೆ ತಗ್ಗಿಸಿ ನಡೆದವು. ಕೆಂಚ ಮಾತ್ರ ಆಗಾಗ ನಿಂತು ಅವನ ಹೆಗಲಿನ ಹೊದಿಕೆ ಮೂಸುತ್ತಿತ್ತು, ಮರೆತಿದ್ದಾನೆ, ನೆನಪಿಸಬೇಕು ಅನ್ನುವ ಹಾಗೆ. ಗುಬ್ಬಿ ಕೆರೆಯ ಹತ್ತಿರ ಬಂದಾಗ ಗಾಳಿಗೆ ನೀರಿನ ವಾಸನೆ ಬಂತು. ನಾಲ್ಕೂ ಒಟ್ಟಿಗೆ ಏರಿಯ ಕಡೆ ತಿರುಗಿದವು. ಬೀರಯ್ಯ ಹಗ್ಗ ಜಗ್ಗಿದ. ಬಿಸಿಲಲ್ಲಿ ನೀರು ಕಂಡ ಕೋಣವನ್ನು ಒಬ್ಬ ಆಳು ಹಿಡಿದಾನೆಯೇ? ಎಳೆದುಕೊಂಡೇ ಇಳಿದವು. ಕೆಂಚ ಮುಂಗಾಲು ನೀರಿಗಿಟ್ಟು, ಕುಕ್ಕೆಯ ಸಮೇತ ಮೂತಿ ಅದ್ದಲು ಬಗ್ಗಿತು.

ಬೀರಯ್ಯ ಆವರೆಗೆ ಯಾವ ಪ್ರಾಣಿಗೂ ಕೋಲೆತ್ತಿದವನಲ್ಲ. ಅವತ್ತು ಬಾರುಕೋಲನ್ನು ತಿರುವಿ ಹಿಡಿಯಿಂದ ಕೆಂಚನ ಮೂಗಿನ ಮೇಲೆ ಬಾರಿಸಿದ. ಅದು ತಲೆಯೆತ್ತಿ ಅವನನ್ನೇ ನೋಡಿತು, ಓಡಲಿಲ್ಲ. ಮತ್ತೆ ಹೊಡೆದ. ಬಾಲ ಮುರಿದ, ಬೈದ, ತಾನೂ ಮೊಣಕಾಲ ತನಕ ನೀರಿಗಿಳಿದು ಹೊಡೆದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು "ಅಯ್ಯೋ ಪಾಪಿ, ನೀರಲ್ವೇನಯ್ಯ, ಕುಡಿಯಕ್ಕೆ ಬುಡೋ" ಎಂದು ಕೂಗಿದಳು. ಅವನು ಅವಳಿಗೂ ಬೈದ. ಕೊನೆಗೆ ನಾಲ್ಕೂ ರಸ್ತೆಗೆ ಬಂದವು. ಅವನ ಬಾಯಿ ಒಂದೇ ಸಮನೆ "ಹೇಯ್, ನಡೀರಿ" ಅನ್ನುತ್ತಿತ್ತು. ಅಲ್ಲಿಂದ ಮುಂದೆ ಕೆಂಚ ಅವನ ಹೊದಿಕೆ ಮೂಸಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಚನ್ನವೀರಯ್ಯ ಕೋಲಿನಿಂದ ಪಕ್ಕೆ ತಿವಿದ. ಗುಳುಗುಳು ಇಲ್ಲ, ಏನೂ ಇಲ್ಲ. ಮುಳ್ಳು ನೋಡಿ ತಲೆದೂಗಿದ.

"ಶಹಬ್ಬಾಸ್. ಈಗ ನೋಡಪ್ಪ, ಸಾಚಾ ಮಾಲು ಅಂದ್ರೆ ಇದು. ಒಂದು ಕೇಜೀನೂ ಕಡಿಯಲ್ಲ. ಇಂಥಾ ಪ್ರಾಮಾಣಿಕರು ಇದ್ರೆ ನಮಗ್ಯಾಕೆ ದಳ್ಳಾಳಿ?"

ದುಡ್ಡು ಪೂರ್ತಿ ಬಂತು. ಅಡವಿಯಪ್ಪನ ಟವೆಲಿನ ಕೆಳಗೆ ಎಂದೂ ಕಾಣದಷ್ಟು ಬಂತು. ಕೇಳಿದ್ದೆಲ್ಲ ಸಿಕ್ಕಿತ್ತು. ನ್ಯಾಯವಾದ ತೂಕ, ನ್ಯಾಯವಾದ ಬೆಲೆ, ಹತ್ತಾರು ಜನದ ಮುಂದೆ ಸಾಚಾ ಎಂಬ ಹೆಸರು. ಬೀರಯ್ಯ ನೋಟುಗಳನ್ನು ಚಡ್ಡಿಯ ಜೇಬಿಗೆ ಸೇರಿಸಿ ಹಗ್ಗ ಸುತ್ತಿಕೊಳ್ಳುತ್ತಿದ್ದಾಗ ಕಟ್ಟೆಯ ಆಚೆಯ ಕಬ್ಬಿಣದ ಬಾಗಿಲು ತೆರೆಯಿತು.

ಒಳಗೆ ಉದ್ದಕ್ಕೆ ಸಿಮೆಂಟಿನ ತೊಟ್ಟಿ ಇತ್ತು, ಅಂಚಿನವರೆಗೆ ನೀರು. ಅಂಗಿಯ ತುಂಬ ರಕ್ತದ ಕಲೆಯಿದ್ದ ಆಳೊಬ್ಬ ಪೈಪು ಹಿಡಿದು ಇನ್ನೂ ತುಂಬಿಸುತ್ತಿದ್ದ. ಅವನೇ ಕೆಂಚನ ಮೂತಿಯ ಕುಕ್ಕೆ ಬಿಚ್ಚಿ ಬಿಸಾಕಿದ. ಕೆಂಚ ಮೂತಿಯನ್ನು ಕಣ್ಣಿನವರೆಗೆ ಮುಳುಗಿಸಿ ಕುಡಿಯಿತು. ಉಸಿರಿಗೆ ತಲೆಯೆತ್ತಿ ಮತ್ತೆ ಕುಡಿಯಿತು. ಆಳು ಅದರ ಬಾತ ಮೂಗಿನ ಮೇಲೆ ತಣ್ಣಗೆ ನೀರು ಬಿಟ್ಟ.

"ಯಾಕಪ್ಪ, ಈಗ ನೀರು ಕುಡುಸ್ತೀರಾ?" ಎಂದು ಬೀರಯ್ಯ ಕಂಬಿಯ ಈಚೆಯಿಂದ ಕೇಳಿದ.

"ಕುಡಿಸದೆ ಕುಯ್ದರೆ ಚರ್ಮ ಬಿಡಲ್ಲ ಕಣಣ್ಣ, ಮಾಂಸನೂ ಒಣಕ್ಲಾಗ್ತದೆ. ಹೆಂಗೂ ತೂಕ ಆಗೋಯ್ತಲ್ಲ. ಇನ್ ಎಷ್ಟು ಕುಡಿದ್ರೂ ಕಂಪ್ನಿ ಲೆಕ್ಕಕ್ಕೇ."

ಬೀರಯ್ಯ ಕೆಮ್ಮಿದ. ಬೇಕೆಂದೇ ಕೆಮ್ಮಿದನೋ, ತಾನಾಗಿಯೇ ಬಂತೋ, ಅವನಿಗೇ ಗೊತ್ತಿಲ್ಲ. ಮೂರು ಕೋಣ ಇತ್ತ ನೋಡಲಿಲ್ಲ. ಕೆಂಚ ಒಂದು ಸಲ ಕಿವಿ ಆಡಿಸಿ, ಪೈಪು ಹಿಡಿದವನ ಕೈಯನ್ನು ನೆಕ್ಕಿತು.

ನಿಟ್ಟೂರಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕಲ್ಲಮ್ಮ ಹೊಸಿಲ ಮೇಲೆ ಕೂತಿದ್ದಳು. ಅವನು ನೋಟಿನ ಕಟ್ಟನ್ನು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಪೂರ್ತಿ ಕೊಟ್ರು. ಸಾಚಾ ಮನುಷ್ಯ ಅಂದ್ರು ನನ್ನ" ಎಂದ.

"ನೀರು ಕುಡಿದ್ವಾ?" ಎಂದು ಅವಳು ಕೇಳಿದ್ದು ಅಷ್ಟೆ.

"ಕುಡಿದ್ವು."

"ಯಾರು ಕುಡಿಸಿದ್ದು? ನೀನಾ?"

ಬೀರಯ್ಯ ಕೈಕಾಲು ತೊಳೆಯುವ ನೆಪದಲ್ಲಿ ಅತ್ತ ತಿರುಗಿದ. "ಕುಯ್ಯೋನು ಕುಡಿಸಿದ."

ಕಲ್ಲಮ್ಮ ಸೆರಗು ಕೊಡವಿಕೊಂಡು ಎದ್ದಳು.

"ಅಂಗಾರೆ ಅವ್ನೇ ವಾಸಿ ಬುಡು" ಎಂದು ಒಳಗೆ ಹೋದಳು.